ಬೇಡ ಅನ್ನುವವರ ಜಾಗ

ಅತ್ತೆಯವರಿಗೆ, ನಿಮ್ಮ ಕೆಜಿಎಫ್ ಸೊಸೆ ರೂಪ ಮಾಡುವ ನಮಸ್ಕಾರ.

ನಿಮಗೆ ಓದಲು ಬರುತ್ತಿತ್ತು, ಕನ್ನಡಕ ಹುಡುಕುವ ತಾಳ್ಮೆ ಇರಲಿಲ್ಲ. ಮನೆಗೆ ಯಾವ ಕಾಗದ ಬಂದರೂ ನನ್ನ ಕೈಗೆ ಕೊಟ್ಟು ಓದಿಸುತ್ತಿದ್ದಿರಿ, ಓದಿ ಮುಗಿಸುವ ಮೊದಲೇ ಅದಕ್ಕೊಂದು ತಕರಾರು ತೆಗೆಯುತ್ತಿದ್ದಿರಿ. ಕರೆಂಟ್ ಬಿಲ್ಲಿಗೂ ಮದುವೆ ಕರೆಯೋಲೆಗೂ ಒಂದೇ ನ್ಯಾಯ. ಇದನ್ನೂ ಹಾಗೇ ಬಾಯಿಬಿಟ್ಟು ಓದಿಕೊಳ್ಳುತ್ತಾ ಬರೆಯುತ್ತಿದ್ದೇನೆ. ನಡುವೆ ತಕರಾರು ಬರದಿರುವುದರಿಂದ ಬರವಣಿಗೆ ಬೇಗ ಸಾಗುತ್ತಿದೆ. ಅಳುತ್ತಾ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಅಳುವುದೆಲ್ಲ ತಿಥಿಯ ಹೊತ್ತಿಗೇ ಆಯಿತು. ಉಳಿದಿರುವುದು ಒಂದು ಪ್ರಶ್ನೆ, ಒಂದು ಸುದ್ದಿ. ಪ್ರಶ್ನೆ ಇಷ್ಟೇ: ನಾನು ಎಂಬಿಎ ಓದಲು ಹೋಗುವುದು ನಿಮಗೆ ನಿಜವಾಗಿಯೂ ಬೇಡವಾಗಿತ್ತೇ?

ನೀವು ಮೊದಲ ಸಲ ಕೆಜಿಎಫ್‌ನ ಊರಿಗಾಂನಲ್ಲಿರುವ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ನೆನಪಿದೆಯೇ? ನನಗೆ ಚೆನ್ನಾಗಿ ನೆನಪಿದೆ. ನೀವು ಕೇಸರಿಬಾತು ಮುಟ್ಟುವ ಮೊದಲೇ ಶುರು ಮಾಡಿದಿರಿ. ಹುಡುಗಿ ತೆಳ್ಳಗಿದ್ದಾಳೆ, ಮನೆಯ ಮುಂದೆ ಜಾಗವಿಲ್ಲ, ಓದಿದ ಹುಡುಗಿ ಕೊಟ್ಟಿಗೆಗೆ ಕಾಲಿಡುತ್ತಾಳೋ ಇಲ್ಲವೋ... ಕೊನೆಗೆ ನನ್ನ ಕಡೆ ತಿರುಗಿ, "ಈವಮ್ಮ ತಮಿಳು ಮಾತಾಡ್ತಾಳೆ, ಇಂಗ್ಲೀಸು ಮಾತಾಡ್ತಾಳೆ. ನಮ್ ಅಸುಗಳ್ ಜೊತೆ ಯಾವುದ್ರಾಗೆ ಮಾತಾಡ್ತಾಳೆ?" ಅಂದಿರಿ. ಅಪ್ಪ ದಾವಣಗೆರೆ ಕಡೆಯಿಂದ ಇಲ್ಲಿನ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆ ನಿಂತವರು, ನಿಮ್ಮ ಸೀಮೆಯ ಪದ್ಧತಿ ತಿಳಿಯದು. ಅವರ ಮುಖ ಕೆಂಪಾಯಿತು. ಇನ್ನೇನು ಎದ್ದು ಬಾಗಿಲು ತೋರಿಸುತ್ತಾರೆ ಅನ್ನುವಷ್ಟರಲ್ಲಿ ನೀವು ಎರಡನೇ ಸಲ ಕೇಸರಿಬಾತು ಹಾಕಿಸಿಕೊಂಡು, ತಾಂಬೂಲದ ತಟ್ಟೆ ನೀವೇ ಎಳೆದುಕೊಂಡು, ದಿನ ಯಾವಾಗ ನೋಡೋಣ ಅಂದಿರಿ. ಅಪ್ಪ ಸಂಜೆಯವರೆಗೂ ಏನಾಯಿತೆಂದು ಅಮ್ಮನನ್ನು ಕೇಳುತ್ತಲೇ ಇದ್ದರು.

ಮದುವೆಯಾಗಿ ನಿಮ್ಮೂರಿಗೆ ಬಂದ ಮೇಲೆ ಪಕ್ಕದ ಮನೆಯ ಸರೋಜಕ್ಕ ನನಗೆ ಅದರ ಒಳಗುಟ್ಟು ಹೇಳಿದರು. ಸಂಬಂಧ ಕುದುರಿಸಲು ಹೋಗುವಾಗ ಅಡ್ಡ ಮಾತಾಡಲಿಕ್ಕೆಂದೇ ಒಬ್ಬರನ್ನು ಕರೆದುಕೊಂಡು ಹೋಗುತ್ತಾರಂತೆ. ಹುಳುಕೇನಿದ್ದರೂ ತಾಂಬೂಲಕ್ಕೆ ಮೊದಲೇ ಹೊರಗೆ ಬೀಳಲಿ, ನಾಳೆ ಯಾರೂ ಯಾರನ್ನೂ ದೂರುವ ಹಾಗಿರಬಾರದು ಅಂತ. ಸುತ್ತ ನಾಲ್ಕೂರಿಗೆ ಆ ಕೆಲಸಕ್ಕೆ ಹೆಸರಾದವರು ನೀವು. ಗಂಡಿನ ಕಡೆಯವರೂ ಕರೆಯುತ್ತಿದ್ದರು, ಹೆಣ್ಣಿನ ಕಡೆಯವರೂ ಕರೆಯುತ್ತಿದ್ದರು. ಮುನಿಯಮ್ಮ ಬೇಡ ಅಂದ ಮೇಲೂ ಉಳಿದ ಸಂಬಂಧ ಗಟ್ಟಿ ಅನ್ನುವ ಮಾತೇ ಇತ್ತು. ನಿಮ್ಮ ಮಗನ ಮದುವೆಯ ಮಾತುಕತೆಗೆ ಬೇರೆಯವರನ್ನು ಕರೆದೊಯ್ಯಲು ನಿಮಗೆ ಮನಸ್ಸಾಗದೆ ಆ ಕೆಲಸವನ್ನೂ ನೀವೇ ಹೊತ್ತುಕೊಂಡು ಬಂದಿರಿ.

ಅದೇ ಸರೋಜಕ್ಕನ ಮಗಳ ಮಾತುಕತೆಗೆ ನೀವು ಹೋದ ದಿನ ನಾನೂ ಜೊತೆಗಿದ್ದೆ. ಎಂದಿನಂತೆ ಒಂದೊಂದೇ ತಕರಾರು ತೆಗೆದಿರಿ. ಹುಡುಗನ ಕಡೆಯವರಿಗೂ ನಿಮ್ಮ ವರಸೆ ಗೊತ್ತಿತ್ತು, ನಗುತ್ತಾ ಉತ್ತರ ಕೊಟ್ಟರು. ಎಲ್ಲರೂ ನೀವು ತಾಂಬೂಲದ ತಟ್ಟೆ ಎಳೆದುಕೊಳ್ಳುವುದನ್ನೇ ಕಾಯುತ್ತಿದ್ದರು. ನೀವು ಎದ್ದು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಿರಿ. ಆ ಸಂಬಂಧ ಅಲ್ಲಿಗೇ ಮುರಿಯಿತು. ಯಾಕೆ ಅಂತ ನೀವೂ ಹೇಳಲಿಲ್ಲ, ಕೇಳಿದವರಿಗೆ ಉತ್ತರವೂ ಸಿಗಲಿಲ್ಲ. ಸರೋಜಕ್ಕ ಬಹಳ ದಿನ ನಿಮ್ಮ ಜೊತೆ ಮಾತು ಬಿಟ್ಟಿದ್ದರು, ಆಮೇಲೆ ತಾನಾಗಿಯೇ ಸರಿಹೋಯಿತು. ಅವತ್ತು ನನಗೆ ತಿಳಿದದ್ದು, ನಿಮ್ಮ ಬೇಡದಲ್ಲಿ ಎರಡು ಬಗೆಯಿದೆ ಅಂತ. ಎರಡಕ್ಕೂ ದನಿ ಒಂದೇ, ಮುಖವೂ ಒಂದೇ. ಹೊರಗಿನವರು ಹೇಗೆ ಬೇರೆ ಮಾಡಿ ನೋಡುವುದು?

ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಿ ಬೆಂಗಳೂರಿನ ಕಾಲೇಜಿನಿಂದ ಕರೆ ಬಂದ ಸಂಜೆ ನೀವು ಹಿಂಡಿ ನೆನೆಹಾಕುತ್ತಿದ್ದಿರಿ. ನಾನು ಕೆಲಸಕ್ಕೆ ಹೋಗುತ್ತಿದ್ದ ಬಂಗಾರಪೇಟೆಯ ಆಫೀಸಿನಲ್ಲಿ ನಾನೇ ಕಲಿಸಿದ ಹುಡುಗರು ಮರುವರ್ಷ ನನ್ನ ರಜೆಗೆ ಸಹಿ ಹಾಕುವವರಾಗುತ್ತಿದ್ದರು, ಅವರಲ್ಲಿದ್ದು ನನ್ನಲ್ಲಿಲ್ಲದ್ದು ಆ ಒಂದು ಡಿಗ್ರಿ ಮಾತ್ರ. ಇದನ್ನು ನಿಮಗೆ ಬಿಡಿಸಿ ಹೇಳಿದೆ. ಇನ್ನು ಎರಡು ಮೆಟ್ಟಿಲಿದೆ, ಮೊದಲು ಗುಂಪಿನಲ್ಲಿ ಕೂರಿಸಿ ಒಂದು ವಿಷಯ ಕೊಟ್ಟು ಮಾತಾಡಿಸುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಸಂದರ್ಶನ ಮಾಡುತ್ತಾರೆ ಅಂದೆ. ಗುಂಪು ಚರ್ಚೆ ಅನ್ನುವುದೂ ಒಂದು ಪರೀಕ್ಷೆಯೇ ಅಂತ ನಿಮಗೆ ನಗು ಬಂತು. ನಗು ನಿಂತ ಮೇಲೆ ಬೇಡ ಅಂದಿರಿ. ಬೆಳಕು ಹರಿಯುವ ಮೊದಲೇ ರೈಲು ಹಿಡಿಯಬೇಕು, ಹಾಲು ಕರೆಯುವವರಾರು, ಮನೆಯಲ್ಲಿ ತೊಟ್ಟಿಲು ಕಟ್ಟುವುದು ಯಾವ ಕಾಲಕ್ಕೆ... ಒಂದಾದ ಮೇಲೊಂದು ಬಂತು. ಮಾವ ಗೋಡೆಗೊರಗಿ ಕೂತಿದ್ದರು. ಅವರು ಆಡಿದ್ದು ಒಂದೇ ಮಾತು: "ನಿಮ್ಮತ್ತೆ ಒಪ್ಪಿದ್ರೆ ಓಗಮ್ಮ." ನಿಮ್ಮ ಮಗ ನಾಗೇಶ್ ಅಪ್ಪನ ಮುಖ ನೋಡಿದರು, ನಿಮ್ಮ ಮುಖ ನೋಡಿದರು, ಅದೇ ಸರಿ ಅಂದುಬಿಟ್ಟರು.

ಗುಂಪು ಚರ್ಚೆಯನ್ನು ಒಬ್ಬಳೇ ಕೂತು ಅಭ್ಯಾಸ ಮಾಡುವುದು ಹೇಗೆ? ಕನ್ನಡಿ ಮುಂದೆ ಮಾತಾಡುತ್ತಿದ್ದ ನನ್ನನ್ನು ಒಂದು ಸಂಜೆ ನೀವು ನೋಡಿದಿರಿ. ಮರುದಿನ ಡೇರಿಗೆ ಹಾಲು ಹಾಕಿ ಬರುವಾಗ ಸರೋಜಕ್ಕನನ್ನೂ ಎಳೆದುಕೊಂಡು ಬಂದು ಜಗಲಿ ಮೇಲೆ ಕೂತು, ನಡಿ ಅದೇನೋ ಶುರು ಮಾಡು ಅಂದಿರಿ. ಓದುವುದು ಬೇಡ ಅಂದವರು ಓದಿಗೆ ಬೇಕಾದ ಅಭ್ಯಾಸಕ್ಕೆ ಯಾಕೆ ಕೂತಿರೋ ನಾನು ಕೇಳಲಿಲ್ಲ. ಕೇಳಿದರೆ ಎದ್ದು ಹೋಗುತ್ತೀರೆಂಬ ಭಯ. ಪಶು ಆಹಾರದ ಅಂಗಡಿ ಮುಚ್ಚಿಕೊಂಡು ಬಂದ ನಾಗೇಶ್ ಮೊಬೈಲಿನಲ್ಲಿ ವಿಷಯ ಹುಡುಕಿ ಕೊಡುತ್ತಿದ್ದರು, ಹೊತ್ತು ನೋಡುತ್ತಿದ್ದರು. ಪ್ಲಾಸ್ಟಿಕ್ ನಿಲ್ಲಿಸಬೇಕೇ, ಮಕ್ಕಳಿಗೆ ಮೊಬೈಲ್ ಕೊಡಬೇಕೇ, ಊರಿಗೆ ದೊಡ್ಡ ರಸ್ತೆ ಬೇಕೇ. ನಾನು ಇಂಗ್ಲಿಷಿನಲ್ಲಿ, ಸರೋಜಕ್ಕ ಕೋಪ ಬಂದಾಗ ತೆಲುಗಿನಲ್ಲಿ, ನೀವು ನಿಮ್ಮ ಭಾಷೆಯಲ್ಲಿ. ವಿಷಯ ಯಾವುದಾದರೂ ನಿಮ್ಮದು ಬೇಡದ ಪಕ್ಷ. ಚರ್ಚೆಯಲ್ಲಿ ಜಗಳವಾಡಬಾರದು, ಬೇರೆಯವರ ಮಾತನ್ನೂ ಗೌರವದಿಂದ ಕೇಳಬೇಕು ಅಂತ ನಿಯಮ ಓದಿ ಹೇಳಿದರೆ, ಹಾಗಾದರೆ ಮಾತಾಡುವುದಾದರೂ ಯಾಕೆ, ಮನೆಗೆ ಹೋಗಿ ಮಲಗಲಿ ಅನ್ನುತ್ತಿದ್ದಿರಿ. ನೀವು ಆಡುತ್ತಿದ್ದುದೆಲ್ಲ ಬುದ್ಧಿವಂತಿಕೆಯ ಮಾತೇನಲ್ಲ, ಅತ್ತೆ. ರಸ್ತೆ ಬೇಡ ಅನ್ನಲು ನಿಮಗೆ ಸಿಕ್ಕಿದ ಕಾರಣ, ರಸ್ತೆಯಾದರೆ ನಿಮ್ಮ ತಂಗಿ ಪದೇ ಪದೇ ಬರುತ್ತಾಳೆ ಅನ್ನುವುದು.

ಒಂದು ಸಂಜೆ ನಾಗೇಶ್ ಕುಚೋದ್ಯಕ್ಕೆ, ಮದುವೆಯಾದ ಮೇಲೆ ಹೆಂಗಸರು ಓದಬೇಕೇ ಅನ್ನುವ ವಿಷಯ ಕೊಟ್ಟರು. ಸರೋಜಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಾನು ಸ್ವಾವಲಂಬನೆ, ಸಮಾನತೆ ಅಂತ ಕಲಿತದ್ದೆಲ್ಲ ಒಪ್ಪಿಸಿದೆ. ನೀವು ಎಂದಿನಂತೆ ದನಿ ಏರಿಸಲಿಲ್ಲ. "ಓದ್ಲಿ, ಯಾರ್ ಬೇಡ ಅಂದೋರು. ಓದಿದ್ಮೇಲೆ ಅವ್ಳು ಈಗಿರೋ ಅವ್ಳೇ ಆಗಿರಲ್ಲ. ಆಗ ಈ ಮನೇಲಿ ಯಾರ್ ಜೊತೆ ಮಾತಾಡ್ತಾಳೆ? ನಾನ್ ಯಾರ್ ಜೊತೆ ಮಾತಾಡ್ಲಿ?" ಅಂದಿರಿ. ನಾಗೇಶ್ ಹೊತ್ತಾಯಿತು ಅಂದರು. ನೀವು ಎದ್ದು ದನಕ್ಕೆ ನೀರು ಇಡಲು ಹೋದಿರಿ. ಅದು ಅಭ್ಯಾಸದ ಮಾತೇ, ಇಲ್ಲಾ...

ಬೆಂಗಳೂರಿನಲ್ಲಿ ಒಂದು ಕೋಚಿಂಗ್ ಸೆಂಟರಿನವರು ಒಂದು ದಿನ ಅಣಕು ಚರ್ಚೆ ಇಟ್ಟಿದ್ದರಲ್ಲ, ಅಲ್ಲಿಗೆ ಹೋಗಿ ಬಂದ ದಿನ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಿರಿ. ನಡೆದದ್ದು ಅಂಥದ್ದೇ. ವಿಷಯ ಕೊಟ್ಟರು, ಶುರು ಮಾಡಿ ಅಂದರು. ನಾನು ಕಾದೆ. ನಿಮ್ಮ ಜೊತೆ ಅಷ್ಟು ಮಾತುಕತೆಗಳಿಗೆ ಹೋಗಿ ಬಂದವಳು ನಾನು. ಕೂಟದ ಹಿರಿಯರು ಬಾಯಿಬಿಡುವ ತನಕ ಮಿಕ್ಕವರು ಬಾಯಿ ಬಿಡಬಾರದು ಅನ್ನುವುದು ಮೈಗಂಟಿಹೋಗಿತ್ತು. ಹಿರಿಯರು ಯಾರಿದ್ದಾರೆ ಅಂತ ಸುತ್ತ ನೋಡುತ್ತಾ ಕೂತೆ. ಯಾರೋ ಒಬ್ಬ ಹುಡುಗ ಶುರು ಮಾಡಿದ, ಅವನ ಮೇಲೆ ಇನ್ನೊಬ್ಬಳು ಬಿದ್ದಳು, ಸಂತೆಯಾಯಿತು, ಮುಗಿಯಿತು. ನಾನು ಒಂದು ಮಾತೂ ಆಡಿರಲಿಲ್ಲ. ಹೊರಗೆ ಬಂದು ಕಾಫಿ ಕುಡಿಯುವಾಗ ತಿಳಿಯಿತು, ಅವರೆಲ್ಲ ನಿನ್ನೆ ಮೊನ್ನೆ ಡಿಗ್ರಿ ಮುಗಿಸಿದವರು. ಇಪ್ಪತ್ತೇಳು ವರ್ಷದ ನಾನೇ ಆ ಗುಂಪಿಗೆ ಹಿರಿಯಳು. ನಿಮ್ಮ ನಗು ನಿಂತ ಮೇಲೆ, ಇನ್ನೊಂದು ಸಲ ಹಾಗೆ ಕೂತರೆ ನನ್ನ ಸೊಸೆ ಅಂತ ಯಾರಿಗೂ ಹೇಳಬೇಡ ಅಂತ ಬೈದಿರಿ. ಬೈಗುಳ ಕೇಳಿ ನನಗೆ ಒಳಗೊಳಗೆ ಧೈರ್ಯ ಬಂದಿತ್ತು. ಬೇಡವಾಗಿದ್ದವರು ಹಾಗೆ ಬೈಯುತ್ತಾರೆಯೇ?

ನೀವು ಹೋದ ಬೆಳಿಗ್ಗೆ ಹಾಲಿನ ಕ್ಯಾನು ತೊಳೆಯುತ್ತಾ ಅದು ಯಾವತ್ತು ಅಂತ ಕೇಳಿದಿರಿ. ಚರ್ಚೆಯ ದಿನ ಹೇಳಿದೆ. "ಬೇಡ ಕಣಮ್ಮಿ" ಅಂದಿರಿ. ಹಾಲು ತುಂಬಿಸಿ ಕ್ಯಾನು ಎತ್ತಿಕೊಂಡು ಹೊರಟಿರಿ. ಡೇರಿಯ ಸಾಲಿನಲ್ಲಿ ನಿಂತವರು ಎದೆ ಒತ್ತಿಕೊಂಡು ಕೂತಿರಂತೆ. ಸರೋಜಕ್ಕ ಓಡಿ ಬಂದು ಕರೆದರು. ಕೋಲಾರದ ಆಸ್ಪತ್ರೆ ಸೇರುವ ಮೊದಲೇ ಎಲ್ಲ ಮುಗಿದಿತ್ತು. ನೀವು ನನ್ನೊಡನೆ ಆಡಿದ ಕೊನೆಯ ಮಾತು ಅದೇ ಆಯಿತು. ಮನೆ ತುಂಬ ಜನ ಅಳುತ್ತಿದ್ದಾಗ ನಾನು ಆ ಒಂದು ಮಾತನ್ನು ಹಿಂದೆ ಮುಂದೆ ಮಾಡಿ ನೋಡುತ್ತಿದ್ದೆ. ಹೇಳಿದರೆ ನಾಚಿಕೆ, ಆದರೆ ಅದೇ ನಿಜ.

ತಿಥಿ ಮುಗಿದ ವಾರವೇ ಚರ್ಚೆ. ನಿಮ್ಮ ತಂಗಿ, ಸಾವಾದ ಮನೆಯಿಂದ ಯಾವ ಮುಖ ಇಟ್ಟುಕೊಂಡು ಹೋಗುತ್ತಾಳೆ ಅಂದರು. ಆದರೂ ನಾನು ಹೊರಟೆ. ಬಂಗಾರಪೇಟೆಯಲ್ಲಿ ಹತ್ತುವವರಿಗೆ ಕೆಜಿಎಫ್ ಕಡೆಯಿಂದಲೇ ತುಂಬಿ ಬರುವ ಮಾರಿಕುಪ್ಪಂ ರೈಲಿನಲ್ಲಿ ಸೀಟು ಎಲ್ಲಿ ಸಿಗಬೇಕು? ಅಪ್ಪ ಊರಿಗಾಂನಲ್ಲೇ ಹತ್ತಿ, ಪಕ್ಕದಲ್ಲಿ ಟವೆಲ್ ಹಾಸಿ ನನಗೊಂದು ಸೀಟು ಹಿಡಿದುಕೊಂಡು ಬಂದರು. ದಾರಿಯುದ್ದಕ್ಕೂ ಆ ಟವೆಲ್ಲಿಗಾಗಿ ಎಷ್ಟು ಜನರ ಜೊತೆ ತಮಿಳಿನಲ್ಲಿ ಜಗಳವಾಡಬೇಕಾಯಿತು ಅಂತ ಹೇಳುತ್ತಾ ಬಂದರು. ಕಾಲೇಜಿನ ಗೇಟಿನವರೆಗೂ ಬಂದು ಅಲ್ಲೇ ನಿಂತರು.

ದುಂಡು ಮೇಜಿನ ಸುತ್ತ ನಮ್ಮನ್ನು ಕೂರಿಸಿ ಕೊಟ್ಟ ವಿಷಯ, ಮನೆಯಿಂದಲೇ ಕೆಲಸ ಮಾಡುವುದು ಒಳ್ಳೆಯದೇ ಅನ್ನುವುದು. ನಾನು ಒಳ್ಳೆಯದು ಅನ್ನಬೇಕೆಂದೇ ಇದ್ದೆ. ನನ್ನ ಪಕ್ಕದ ಹುಡುಗಿ ಶುರು ಮಾಡಿದಳು, ಒಳ್ಳೆಯದು ಅಂದಳು. ಮುಂದಿನವನೂ ಒಳ್ಳೆಯದು ಅಂದ. ಟ್ರಾಫಿಕ್ ಇಲ್ಲ, ಬಾಡಿಗೆ ಇಲ್ಲ, ಹೆಂಗಸರಿಗಂತೂ ಬಹಳ ಅನುಕೂಲ. ಒಬ್ಬರ ಮಾತಿಗೆ ಒಬ್ಬರು ತಲೆದೂಗುತ್ತಿದ್ದರು. ಎಷ್ಟು ಮರ್ಯಾದಸ್ಥರು ಅಂದರೆ ನೀವಿದ್ದಿದ್ದರೆ ಎದ್ದು ಹೋಗುತ್ತಿದ್ದಿರಿ. ನನಗೆ ಒಂದು ಥರಾ ಇರುಸುಮುರುಸಾಯಿತು. ಅಷ್ಟು ಜನ ಕೂತಿದ್ದಾರೆ, ಬೇಡ ಅನ್ನುವವರ ಜಾಗ ಖಾಲಿ ಇದೆ. ನಿಮ್ಮ ಮನೆಯಲ್ಲಿ ಅಭ್ಯಾಸ ಮಾಡಿದವಳಿಗೆ ಅದು ಉಪ್ಪಿಲ್ಲದ ಸಾರಿನ ಹಾಗೆ. ನೋಡಿ ನೋಡಿ ಸಾಕಾಗಿ ನಾನೇ ಹೋಗಿ ಆ ಜಾಗದಲ್ಲಿ ಕೂತೆ.

ಒಳ್ಳೆಯದಲ್ಲ ಅಂದೆ. ಮನೆಯೊಳಗೆ ಆಫೀಸು ಬಂದರೆ ಮನೆಯ ಕೆಲಸ ಎದ್ದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ಮನೆಯಲ್ಲೇ ಇದ್ದು ದುಡಿಯುವ ಹೆಂಗಸರು ಎಂದಿನಿಂದಲೂ ಇದ್ದಾರೆ, ಅವರು ಕೆಲಸದಲ್ಲಿದ್ದಾರೆ ಅಂತ ಯಾರೂ ಅಂದುಕೊಂಡಿಲ್ಲ, ನಿಮ್ಮನ್ನೂ ಅಂದುಕೊಳ್ಳುವುದಿಲ್ಲ ಅಂದೆ. ಹೊರಗೆ ಹೋಗುವವರಿಗೆ ಮನೆಗೆ ಬಂದೆ ಅನ್ನುವ ಒಂದು ಗಳಿಗೆಯಾದರೂ ಇರುತ್ತದೆ ಅಂದೆ. ಒಬ್ಬ ಹುಡುಗನಿಗೆ ಸಿಟ್ಟು ಬಂತು. ಬರಲಿ ಅಂತ ಕಾದು, ಅವನ ಮಾತು ಪೂರ್ತಿ ಕೇಳಿ ಮತ್ತೊಂದು ತಕರಾರು ತೆಗೆದೆ. ಅಲ್ಲಿಂದ ಮುಂದೆ ಚರ್ಚೆ ಚರ್ಚೆಯಾಯಿತು. ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ ನೋಡಲು ಶುರು ಮಾಡಿದರು.

ಸಂದರ್ಶನದ ಕೋಣೆಯಲ್ಲಿ ಒಬ್ಬ ವಯಸ್ಸಾದ ಮೇಷ್ಟರು ಕೇಳಿದ್ದು ಅದನ್ನೇ. ಚರ್ಚೆಯಲ್ಲಿ ನೀವು ಆಡಿದ್ದನ್ನು ನಿಜವಾಗಿಯೂ ನಂಬುತ್ತೀರಾ ಅಂದರು. ಹೌದು ಅಂದರೂ ಸುಳ್ಳಾಗುತ್ತಿತ್ತು, ಇಲ್ಲ ಅಂದರೂ ಸುಳ್ಳಾಗುತ್ತಿತ್ತು. ಶುರು ಮಾಡುವಾಗ ನಂಬಿರಲಿಲ್ಲ ಸರ್, ಯಾರಾದರೂ ಹೇಳಬೇಕಾಗಿತ್ತು ಅಂತ ಹೇಳಿದೆ, ಹೇಳುತ್ತಾ ಹೇಳುತ್ತಾ ಎಷ್ಟು ನಂಬಿದೆ ಅಂತ ನನಗೂ ಗೊತ್ತಿಲ್ಲ ಅಂದೆ. ಅವರು ಬೇರೆ ಪ್ರಶ್ನೆಗೆ ಹೋದರು. ನಾನು ಮಾತ್ರ ಅಲ್ಲೇ ಉಳಿದೆ. ನಿಮಗೂ ಹೀಗೇ ಆಗಿತ್ತೇ, ಅತ್ತೆ? ಆಟಕ್ಕೆ ಬೇಡ ಅನ್ನುತ್ತಾ ಶುರು ಮಾಡಿ, ನಡುವೆ ಎಲ್ಲೋ ನಿಜವಾಗಿಬಿಟ್ಟು, ಎಲ್ಲಿ ಅಂತ ನಿಮಗೂ ತಿಳಿಯದೆ...

ಸೀಟು ಸಿಕ್ಕಿದೆ ಅಂತ ತಿಳಿದ ದಿನ ಮಾವ ಜಗಲಿ ಮೇಲಿದ್ದರು. ಹೇಳಿದೆ. "ನಿಮ್ಮತ್ತೆ ಒಪ್ಪಿದ್ಲಾ?" ಅಂದರು. ಒಪ್ಪಿದ್ದರು ಅನ್ನಬಹುದಿತ್ತು. ಅವತ್ತು ಬೆಳಿಗ್ಗೆ ಕ್ಯಾನು ತೊಳೆಯುವಾಗ ನಮ್ಮಿಬ್ಬರ ಹತ್ತಿರ ಯಾರಿದ್ದರು? ಅತ್ತೆ ಹೂಂ ಅಂದರು ಮಾವ, ಅಂತ ಒಂದು ಮಾತು ಅಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲದವರ ಬಾಯಿಗೆ ನಮಗೆ ಬೇಕಾದ ಮಾತು ತುರುಕುವುದು ಎಷ್ಟು ಸುಲಭ. ನಾನು ಇಲ್ಲ ಅಂದೆ. ಕೊನೆಯವರೆಗೂ ಬೇಡ ಅಂತಲೇ ಅಂದರು, ಆದರೂ ನನಗೆ ಹೋಗಬೇಕು ಅಂದೆ.

ಮಾವ ನನ್ನ ಕಡೆ ನೋಡಲಿಲ್ಲ. "ನನ್ನೂ ಅವ್ಳು ಒಪ್ಪಿರ್ಲಿಲ್ಲ ಕಣಮ್ಮ," ಅಂದರು. "ಮದ್ವೆ ಮಾತಾಡಕ್ ಓದಾಗ ಬಾಗ್ಲ್ ಇಂದ್ಗಡೆ ನಿಂತ್ಕಂಡು ಬೇಡ ಅಂದ್ಲು. ದೊಡ್ಡೋರು ಮಾಡುದ್ರು. ಆಮ್ಯಾಕೆ ಒಪ್ಪಿದೀನಿ ಅಂತ ಒಂದಿನಾನೂ ಅನ್ನಿಲ್ಲ. ಜೊತೇಲಿ ಬಾಳಿದ್ಲು." ಜಗಲಿಯ ಅಂಚು ಸವರುತ್ತಾ, "ಕೇಳಾನ ಅಂತಿದ್ದೆ," ಅಂದರು. ಆಮೇಲೆ ನನಗೆ ಹೋಗು ಅಂದರು. ಹಾಲಿನ ಕೆಲಸ ತಾನು ನೋಡಿಕೊಳ್ಳುತ್ತೇನೆ ಅಂದರು. ಎದ್ದು ಕೊಟ್ಟಿಗೆ ಕಡೆ ಹೋದವರು ಕತ್ತಲಾದರೂ ಒಳಗೆ ಬರಲಿಲ್ಲ.

ಆಗ ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ನೀವು ಹೋದ ಮೇಲೆ ಮೊದಲ ಸಲ. ನನ್ನ ಎಂಬಿಎ ಇರಲಿ, ಅದಕ್ಕೆ ನೀವು ಏನು ಅಂದುಕೊಂಡಿದ್ದಿರೋ ನಾನು ಇನ್ನು ಕೇಳುವುದಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆಯೇ ಹೋಗುತ್ತಿದ್ದೇನೆ. ಆದರೆ ಆ ಮನುಷ್ಯನಿಗೆ ನೀವು ಒಂದು ಸಲ ಹೇಳಬಹುದಿತ್ತು. ಕಂಡವರ ಮನೆಯ ಸಂಬಂಧಕ್ಕೆಲ್ಲ ತಾಂಬೂಲ ಎತ್ತಿದ ಕೈಗೆ ಇದೊಂದು ಭಾರವಾಗಿತ್ತೇ? ಅವರು ಕಾಯುತ್ತಿದ್ದರು, ಅತ್ತೆ. ನಿಮಗೆ ಯಾರೂ ಹೇಳದಿದ್ದ ಸುದ್ದಿ ಇದು, ಅದಕ್ಕೇ ಬರೆಯುತ್ತಿದ್ದೇನೆ.

ಬರುವ ಸೋಮವಾರದಿಂದ ಕ್ಲಾಸು. ಒಂದು ಮಾತು ಮಾತ್ರ ಕೊಡುತ್ತೇನೆ. ಬೇಡ ಅನ್ನಬೇಕಾದಲ್ಲಿ ನಿಮ್ಮ ಹಾಗೆಯೇ ಗಟ್ಟಿಯಾಗಿ ಬೇಡ ಅನ್ನುತ್ತೇನೆ, ಒಪ್ಪಿದ್ದನ್ನು ಒಪ್ಪಿದೆ ಅಂತಲೂ ಅಷ್ಟೇ ಗಟ್ಟಿಯಾಗಿ ಅನ್ನುತ್ತೇನೆ. ನಿನ್ನೆಯೇ ಶುರು ಮಾಡಿದೆ. ನಿಮ್ಮ ಮಗ ಅಂಗಳದಲ್ಲಿ ಬೂಸಾ ಕಲಸುತ್ತಿದ್ದರು. ಹತ್ತಿರ ಹೋಗಿ, ನಿಮ್ಮನ್ನು ಮದುವೆಯಾಗಿದ್ದು ನನಗೆ ಪೂರ್ತಿ ಒಪ್ಪಿಗೆ ಇದೆ ಅಂದೆ. ಅವರು ಕೈ ಬೂಸಾದಲ್ಲೇ ಬಿಟ್ಟು, ಗಾಬರಿಯಾಗಿ ನನ್ನ ಮುಖ ನೋಡಿದರು.

"ಯಾಕೆ ರೂಪ," ಅಂದರು, "ಇಷ್ಟ್ ದಿನ ಇರ್ಲಿಲ್ವಾ?"

ನಿಮ್ಮ ಸೊಸೆ,
ರೂಪ